ಸಿಂಪ್ಯೂಟರ್: ಅಂಗೈಯಲ್ಲಿ ಕನ್ನಡ ನುಡಿದ ಗಣಕ

ಹೊಸ ಮೊಬೈಲ್ ಬಂತೆಂದರೆ ಅಂಗಡಿಯ ಮುಂದೆ ಸಾಲು ನಿಲ್ಲುವ ನಗರ ಬೆಂಗಳೂರು. ಇಲ್ಲಿನ ಸಾಫ್ಟ್‌ವೇರ್ ತರುಣರಿಗೆ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಗಳ ಹುಚ್ಚು ತುಸು ಹೆಚ್ಚೇ. ಹೆಬ್ಬಾಳದ ಫ್ಲ್ಯಾಟಿನಲ್ಲೋ ಯಲಹಂಕದ ಹಾಸ್ಟೆಲ್ ಕೊಠಡಿಯಲ್ಲೋ ರಾತ್ರಿ ಕೂತು ಪುಟ್ಟ ರೋಬಾಟ್ ಕಟ್ಟುವವರೂ ಇದ್ದಾರೆ. ಆದರೆ ಇವರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಐಫೋನ್ ಹುಟ್ಟುವುದಕ್ಕೆ ಆರು ವರ್ಷ ಮೊದಲೇ, ಬೆರಳು ಮುಟ್ಟಿದರೆ ಕೆಲಸ ಮಾಡುವ, ಕನ್ನಡದಲ್ಲಿ ಮಾತಾಡುವ ಅಂಗೈ ಗಣಕವೊಂದು ಇದೇ ಊರಿನಲ್ಲಿ, ಯಶವಂತಪುರಕ್ಕೂ ಮಲ್ಲೇಶ್ವರಕ್ಕೂ ನಡುವಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ರೂಪುಗೊಂಡಿತ್ತು. ಅದರ ಹೆಸರು ಸಿಂಪ್ಯೂಟರ್.

ಒಂದು ಕಾಲಕ್ಕೆ ಜಗತ್ತಿನ ಪತ್ರಿಕೆಗಳೆಲ್ಲ ಕೊಂಡಾಡಿದ ಈ ಯಂತ್ರ ಹುಟ್ಟಿದ್ದು ಹೇಗೆ, ಮರೆಯಾದದ್ದು ಏಕೆ?

ಘೋಷಣೆಯಿಂದ ಯಂತ್ರಕ್ಕೆ

1998ರ ಅಕ್ಟೋಬರ್‌ನಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕೆಂದು ಚರ್ಚಿಸಲು ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಗೋಷ್ಠಿಯೊಂದು ನಡೆಯಿತು. ಅದರ ಕೊನೆಗೆ ‘ಬೆಂಗಳೂರು ಘೋಷಣೆ’ ಹೊರಬಿತ್ತು. ಗೋಷ್ಠಿಗಳ ಘೋಷಣೆಗಳು ಸಾಮಾನ್ಯವಾಗಿ ಕಡತ ಸೇರುತ್ತವೆ. ಆದರೆ ಈ ಸಲ ಹಾಗಾಗಲಿಲ್ಲ. ವಿಜ್ಞಾನ ಸಂಸ್ಥೆಯ ಗಣಕ ವಿಭಾಗದ ನಾಲ್ವರು ಪ್ರಾಧ್ಯಾಪಕರು ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೊಡನೆ ಕೈಜೋಡಿಸಿದರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪನೆಯಾಯಿತು. 2001ರ ಏಪ್ರಿಲ್ 25ರಂದು ಯಂತ್ರದ ಮಾದರಿಯನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು.

ಸರಳ, ಅಗ್ಗ, ಬಹುಭಾಷಿಕ, ಜನರದ್ದು: ಈ ನಾಲ್ಕು ಗುಣಗಳನ್ನು ಹೇಳುವ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಗೆ ಕಂಪ್ಯೂಟರಿನ ಬಾಲ ಜೋಡಿಸಿ ‘ಸಿಂಪ್ಯೂಟರ್’ ಎಂದು ಹೆಸರಿಟ್ಟರು. ಅಂದಿನ ದಿನಗಳಲ್ಲಿ ಮೇಜಿನ ಮೇಲಿಡುವ ಕಂಪ್ಯೂಟರಿಗೆ ಸಾಮಾನ್ಯವಾಗಿ ಮೂವತ್ತು ಸಾವಿರ ರೂಪಾಯಿಗೂ ಮೇಲೆ ತೆರಬೇಕಿತ್ತು. ಸಿಂಪ್ಯೂಟರನ್ನು ಒಂಬತ್ತು ಸಾವಿರದ ಆಸುಪಾಸಿಗೆ ಕೊಡಬೇಕೆಂಬುದು ಟ್ರಸ್ಟಿನ ಗುರಿ.

ಆ ಬೆಲೆಯೂ ಹಳ್ಳಿಯ ಕುಟುಂಬಕ್ಕೆ ಹೊರೆಯೇ ಎಂಬುದನ್ನು ಅವರು ಬಲ್ಲವರಾಗಿದ್ದರು. ಅದಕ್ಕೆ ಕಂಡುಕೊಂಡ ಉಪಾಯವೇ ಸ್ಮಾರ್ಟ್‌ಕಾರ್ಡ್. ಯಂತ್ರ ಊರಿಗೆಲ್ಲ ಒಂದು. ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ಇರುತ್ತದೆ. ಕಾರ್ಡು ಮಾತ್ರ ಪ್ರತಿಯೊಬ್ಬರದು. ಕಾರ್ಡು ತೂರಿಸಿದರೆ ಅವರವರ ವಿವರ ತೆರೆದುಕೊಳ್ಳುತ್ತದೆ, ತೆಗೆದರೆ ಯಂತ್ರ ಮುಂದಿನವರಿಗೆ ಸಿದ್ಧ. ಊರ ಬಾವಿಗೆ ಅವರವರ ಕೊಡ ಹಿಡಿದು ಹೋದ ಹಾಗೆ. ವಿದ್ಯುತ್ ಕೈಕೊಡುವುದು ಮಾಮೂಲಾದ್ದರಿಂದ ಅಂಗಡಿಯಲ್ಲಿ ಸಿಗುವ ಮೂರು ಸಣ್ಣ ಬ್ಯಾಟರಿಗಳಿಂದ ನಡೆಯುವಂತೆ ಅದನ್ನು ರಚಿಸಿದ್ದರು. ಒಳಗೆ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಯಾರಿಗೂ ಶುಲ್ಕ ತೆರಬೇಕಿಲ್ಲದ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ.

ಓದಲು ಬಾರದವರಿಗೆ ಓದಿ ಹೇಳುವುದು

ಸಿಂಪ್ಯೂಟರಿನ ನಿಜವಾದ ಹೆಚ್ಚುಗಾರಿಕೆ ಇದ್ದದ್ದು ಭಾಷೆಯ ವಿಷಯದಲ್ಲಿ. ಅಕ್ಷರ ಕಲಿಯದವರು ಪರದೆಯ ಮೇಲಿನ ಬರಹವನ್ನು ತಿಳಿಯುವುದು ಹೇಗೆ? ಯಂತ್ರವೇ ಓದಿ ಹೇಳಬೇಕು. ಇದಕ್ಕಾಗಿ ರಮೇಶ್ ಹರಿಹರನ್ ‘ಧ್ವನಿ’ ಎಂಬ ತಂತ್ರಾಂಶವನ್ನು ಬೆಳೆಸಿದರು.

ಅದರ ಹಿಂದಿನ ತತ್ವ ಸರಳವಾದದ್ದು. ಮನುಷ್ಯನ ದನಿಯಲ್ಲಿ ಸ್ವರ, ಕಾಗುಣಿತಗಳ ಸಣ್ಣ ಸಣ್ಣ ಶಬ್ದ ತುಣುಕುಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳುವುದು. ಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸುವುದು. ತಕ್ಕ ತುಣುಕುಗಳನ್ನು ಮಾಲೆಯ ಹಾಗೆ ಪೋಣಿಸಿ ನುಡಿಸುವುದು. ಇಲ್ಲಿ ನಮ್ಮ ಲಿಪಿಯ ಸ್ವಭಾವ ನೆರವಿಗೆ ಬಂತು. ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಉಚ್ಚರಿಸುವುದು ಇನ್ನೊಂದು. ಹಿಂದಿಯಲ್ಲೂ ‘ರಾಮ’ ಎಂದು ಬರೆದು ‘ರಾಮ್’ ಎಂದು ಓದುತ್ತಾರೆ. ಕೊನೆಯ ಅಕಾರ ಎಲ್ಲಿ ಬೀಳುತ್ತದೆಂದು ಯಂತ್ರಕ್ಕೆ ಬೇರೆಯಾಗಿ ಕಲಿಸಬೇಕು. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆಯೇ ಓದು. ಹೀಗಾಗಿ ಕಡಿಮೆ ಶಕ್ತಿಯ ಪುಟ್ಟ ಯಂತ್ರವೂ ಕನ್ನಡವನ್ನು ಅರ್ಥವಾಗುವಂತೆ ಓದಬಲ್ಲದಾಗಿತ್ತು. ದನಿ ಯಾಂತ್ರಿಕವಾಗಿತ್ತು, ನಿಜ. ಆದರೆ ಕಂಪ್ಯೂಟರ್ ಎಂದರೆ ಇಂಗ್ಲಿಷ್ ಎಂದೇ ನಂಬಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಇನ್ನೊಂದು ಹೆಜ್ಜೆಯೂ ಗಮನಾರ್ಹವಾದದ್ದು. ಯಂತ್ರದ ವಿನ್ಯಾಸವನ್ನು ಟ್ರಸ್ಟ್ ಗುಟ್ಟಾಗಿಡಲಿಲ್ಲ. ಮುಕ್ತ ತಂತ್ರಾಂಶದ ಪರವಾನಗಿಯ ಮಾದರಿಯಲ್ಲೇ ಯಂತ್ರಾಂಶಕ್ಕೂ ಒಂದು ಪರವಾನಗಿ ರಚಿಸಿತು. ತಯಾರಿಸಿ ಮಾರುವವರು ಶುಲ್ಕ ಕೊಡಬೇಕು: ಬಡ ದೇಶಗಳ ಕಂಪನಿಗಳಿಗೆ 25 ಸಾವಿರ ಡಾಲರ್, ಶ್ರೀಮಂತ ದೇಶಗಳವರಿಗೆ ಎರಡೂವರೆ ಲಕ್ಷ ಡಾಲರ್. ಯಾರಾದರೂ ವಿನ್ಯಾಸವನ್ನು ಸುಧಾರಿಸಿದರೆ ಒಂದು ವರ್ಷದ ಬಳಿಕ ಅದನ್ನು ಎಲ್ಲರಿಗೂ ಬಿಟ್ಟುಕೊಡಬೇಕು. ‘ಮುಕ್ತ ಯಂತ್ರಾಂಶ’ ಎಂಬ ಮಾತು ಆಗಿನ್ನೂ ಚಾಲ್ತಿಗೆ ಬಂದಿರಲಿಲ್ಲ.

2001ರ ಡಿಸೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವರ್ಷದ ಮುಖ್ಯ ಆಲೋಚನೆಗಳನ್ನು ಪಟ್ಟಿಮಾಡಿದಾಗ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕ ಸಿಂಪ್ಯೂಟರನ್ನು ಹೊಗಳಿ ಬರೆದರು. ಬೆಂಗಳೂರಿನ ಯಂತ್ರ ವಿಶ್ವದ ಸುದ್ದಿಯಾಯಿತು.

ಜಾಲಹಳ್ಳಿಯಲ್ಲಿ ತಯಾರಿ

ಆ ನಾಲ್ವರು ಪ್ರಾಧ್ಯಾಪಕರು ಕಟ್ಟಿದ ಪಿಕೋಪೆಟಾ ಕಂಪನಿ ತನ್ನ ಯಂತ್ರವನ್ನು ತಯಾರಿಸಲು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 1954ರಲ್ಲಿ ಸ್ಥಾಪನೆಯಾದ ಬಿಇಎಲ್‌ನ ಮೊದಲ ಕಾರ್ಖಾನೆ ಇರುವುದು ಜಾಲಹಳ್ಳಿಯಲ್ಲಿ. ಅದೇ ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆ 1961ರಿಂದ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಸಿತ್ತು. ‘ಜನತಾ’ ಗಡಿಯಾರ ಕಟ್ಟಿಕೊಟ್ಟ ಊರಿನವರಿಗೆ ಜನರ ಕಂಪ್ಯೂಟರ್ ಹೊರತರುವ ಯೋಗವೂ ಬಂತೆನ್ನಬೇಕು.

2004ರಲ್ಲಿ ‘ಅಮೀಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂತು. ಅತಿ ಕಡಿಮೆ ಬೆಲೆಯದು ಹತ್ತು ಸಾವಿರಕ್ಕೆ ತುಸು ಕಡಿಮೆ. ಬಣ್ಣದ ಪರದೆಯದಕ್ಕೆ ಹೆಚ್ಚು. ಇದರಲ್ಲಿ ಚಲನೆಯನ್ನು ಗ್ರಹಿಸುವ ಸೂಕ್ಷ್ಮ ಸಾಧನವಿತ್ತು. ಯಂತ್ರವನ್ನು ಓರೆ ಮಾಡಿದರೆ ಪುಟ ಮಗುಚುತ್ತಿತ್ತು, ಆಟ ಆಡಬಹುದಿತ್ತು. ಇದೇ ಬಗೆಯ ಸಾಧನ ಐಫೋನಿನಲ್ಲಿ ಕಂಡಾಗ ಜಗತ್ತು ಬೆರಗಾದದ್ದು 2007ರಲ್ಲಿ.

ರಾಜ್ಯ ಸರ್ಕಾರ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯಲ್ಲಿ ಸಿಂಪ್ಯೂಟರಿನ ಪ್ರಯೋಗ ನಡೆಯಿತು. ಛತ್ತೀಸ್‌ಗಢದ ಶಾಲೆಗಳಲ್ಲಿ, ಕಿರುಸಾಲ ಸಂಸ್ಥೆಗಳ ಲೆಕ್ಕಪತ್ರದಲ್ಲಿ, ವಾಹನಗಳ ಎಂಜಿನ್ ತಪಾಸಣೆಯಲ್ಲಿ ಅದು ಬಳಕೆಯಾಯಿತು. ಎನ್‌ಕೋರ್ ಕಂಪನಿ ಸೇನೆಗಾಗಿ ‘ಸಾಥಿ’ ಎಂಬ ರೂಪವನ್ನೂ ಸಿದ್ಧಪಡಿಸಿತು. ಆದರೆ ಲೆಕ್ಕ ಕೂಡಿದಾಗ ನಿರಾಸೆಯೇ. ಐವತ್ತು ಸಾವಿರ ಮಾರುವ ಗುರಿಯಿದ್ದರೂ 2005ರ ವೇಳೆಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ.

ಎಡವಿದ್ದೆಲ್ಲಿ?

ಮೊದಲ ಕಾರಣ ಬೆಲೆಯ ವಿಷವರ್ತುಲ. ಚಿಪ್, ಪರದೆಗಳು ಹೊರದೇಶದಿಂದ ಬರಬೇಕಿತ್ತು. ಲಕ್ಷಗಟ್ಟಲೆ ಕೊಂಡರೆ ಅವು ಅಗ್ಗ. ಸಾವಿರ ಲೆಕ್ಕದಲ್ಲಿ ಕೊಂಡರೆ ದುಬಾರಿ. ಲಕ್ಷಗಟ್ಟಲೆ ತಯಾರಿಸಲು ಖರೀದಿದಾರರು ಬೇಕು. ಖರೀದಿದಾರರು ಬರಲು ಬೆಲೆ ಇಳಿಯಬೇಕು. ಈ ಗಂಟನ್ನು ಬಿಚ್ಚಬಹುದಾಗಿದ್ದದ್ದು ಸರ್ಕಾರದ ದೊಡ್ಡ ಖರೀದಿ ಮಾತ್ರ. ಅದು ಬರಲಿಲ್ಲ. ಪ್ರಯೋಗಗಳು ಪ್ರಯೋಗಗಳಾಗಿಯೇ ಉಳಿದವು.

ಎರಡನೆಯದು ಮೊಬೈಲ್ ಫೋನ್. 2003ರ ಮೇ ತಿಂಗಳಿನಿಂದ ಒಳಬರುವ ಕರೆಗಳು ಉಚಿತವಾದವು. ಅದೇ ವರ್ಷ ನೋಕಿಯಾ 1100 ಬಂತು. ಅದಕ್ಕೆ ಕನ್ನಡ ಓದಿ ಹೇಳಲು ಬಾರದು, ಪಹಣಿ ತೋರಿಸಲೂ ಬಾರದು. ಆದರೆ ದೂರದೂರಿನಲ್ಲಿರುವ ಮಗನ ದನಿ ಕೇಳಿಸುತ್ತಿತ್ತು. ಸಿಂಪ್ಯೂಟರ್ ಸ್ವತಃ ಫೋನ್ ಆಗಿರಲಿಲ್ಲ. ಜನರಿಗೆ ಮಾಹಿತಿ ಬೇಕೆಂದು ವಿದ್ವಾಂಸರು ಎಣಿಸಿದ್ದರು. ಜನರಿಗೆ ಅದಕ್ಕೂ ಮೊದಲು ಬೇಕಾಗಿದ್ದದ್ದು ಮಾತು. ಊರಿಗೊಂದು ಯಂತ್ರವನ್ನು ಹಂಚಿಕೊಳ್ಳುವ ಕಲ್ಪನೆ ಎಷ್ಟು ಉದಾತ್ತವಾದರೂ ಜೇಬಿನೊಳಗಿನ ಸ್ವಂತ ಫೋನಿನ ಮುಂದೆ ನಿಲ್ಲಲಿಲ್ಲ.

ಉಳಿದದ್ದೇನು?

ಹಾಗೆಂದು ಸಿಂಪ್ಯೂಟರನ್ನು ಸೋಲಿನ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ‘ಧ್ವನಿ’ಯನ್ನು ಮುಕ್ತ ತಂತ್ರಾಂಶದ ಸ್ವಯಂಸೇವಕರು ಮುಂದೆ ಬೆಳೆಸಿದರು, ಇತರ ಭಾರತೀಯ ಭಾಷೆಗಳಿಗೂ ಅದು ಹಬ್ಬಿತು. ಇಂದಿನ ಬಹುಪಾಲು ಫೋನುಗಳಲ್ಲಿರುವ ಆಂಡ್ರಾಯ್ಡಿನ ತಳಹದಿಯೂ ಲಿನಕ್ಸೇ. ವಿನ್ಯಾಸವನ್ನು ಬಚ್ಚಿಡಬಾರದೆಂಬ ಆಲೋಚನೆ 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಪುಟ್ಟ ಹಲಗೆಯ ಮೂಲಕ ಲೋಕಪ್ರಿಯವಾಯಿತು. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಅದೇ ಹಲಗೆಯಿಂದಲೇ ನಮ್ಮ ಹವ್ಯಾಸಿಗಳು ಮೊದಲ ರೋಬಾಟ್ ಕಟ್ಟುತ್ತಾರೆ.

ಮನುಷ್ಯರೂ ಸುಮ್ಮನೆ ಕೂರಲಿಲ್ಲ. ಆ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಆರಂಭಿಸಿದ ಸ್ಟ್ರಾಂಡ್ ಕಂಪನಿ ಹೆಬ್ಬಾಳದಲ್ಲಿ ಬೆಳೆದು ವಂಶವಾಹಿ ಪರೀಕ್ಷೆಯಲ್ಲಿ ಹೆಸರು ಮಾಡಿತು. ವಿ. ವಿನಯ್ 2017ರಲ್ಲಿ ಸಂಗಡಿಗರೊಡನೆ ಅತಿ ಮೋಟರ್ಸ್ ಸ್ಥಾಪಿಸಿದರು. ಕಾರ್ಖಾನೆಗಳೊಳಗೆ ಚಾಲಕನಿಲ್ಲದೆ ಸರಕು ಸಾಗಿಸುವ ರೋಬಾಟ್ ಬಂಡಿ ಅದರ ಉತ್ಪನ್ನ. ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನ ವಿದ್ಯಾರ್ಥಿಗಳು ಬೆಂಗಳೂರು, ಹೈದರಾಬಾದಿನ ಗೆಳೆಯರೊಡನೆ ಕಟ್ಟಿದ ಒಂದು ಕಿಲೋಗೂ ಕಡಿಮೆ ತೂಕದ ‘ಸ್ಟಡ್‌ಸ್ಯಾಟ್’ ಉಪಗ್ರಹ 2010ರ ಜುಲೈ 12ರಂದು ಕಕ್ಷೆ ಸೇರಿತು. ಅಂಗೈಯಗಲದ ಯಂತ್ರವನ್ನು ತಾವೇ ಕಟ್ಟಬಲ್ಲೆವೆಂಬ ಧೈರ್ಯ ಉತ್ತರ ಬೆಂಗಳೂರಿನಲ್ಲಿ ಆರಿಹೋಗಿಲ್ಲ.

2017ರಲ್ಲಿ ಗೂಗಲ್ ಕಂಪನಿ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ಕೊಟ್ಟಾಗ ನಾವೆಲ್ಲ ಸಂತೋಷಪಟ್ಟೆವು. ಆ ಯಂತ್ರಾಂಶವೂ ತಂತ್ರಾಂಶವೂ ಹೊರಗಿನವರದು. ಕೊಟ್ಟಷ್ಟನ್ನು ಪಡೆಯುವುದು ನಮ್ಮ ಪಾಲಿಗಿದೆ. ಕನ್ನಡಕ್ಕೆ ಏನು ಬೇಕೆಂದು ಇಲ್ಲಿನವರೇ ಯೋಚಿಸಿ, ಇಲ್ಲೇ ತಯಾರಿಸಿ, ವಿನ್ಯಾಸವನ್ನು ಲೋಕಕ್ಕೆಲ್ಲ ತೆರೆದಿಟ್ಟ ಒಂದು ಯಂತ್ರ ನಮ್ಮಲ್ಲಿತ್ತು. ಅದನ್ನು ಕೊಳ್ಳುವ ಸರ್ಕಾರ, ಅದಕ್ಕೆ ಹಣ ಹೂಡುವ ಉದ್ಯಮ ಇರಲಿಲ್ಲ. ಮುಂದೆ ಇಂಥದೇ ಯಂತ್ರವೊಂದು ಯಶವಂತಪುರದಲ್ಲೋ ಯಲಹಂಕದಲ್ಲೋ ಹುಟ್ಟಿದಾಗ ನೆನಪಿಡಬೇಕಾದ ಪಾಠ ಇದು.