ಚಿತ್ರದ ನಕಲು: ಒಂದು ಹಳೆಯ ವ್ಯಾಜ್ಯ

ನಾಲ್ಕು ಮಾತಿನಲ್ಲಿ ವರ್ಣಿಸಿದರೆ ಸಾಕು, ಕ್ಷಣಾರ್ಧದಲ್ಲಿ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ನಮ್ಮ ಮಕ್ಕಳ ಕೈಗೂ ಬಂದಿವೆ. ಇವು ತಾವೇ ಚಿತ್ರ ಬರೆಯುತ್ತವೆಯೋ, ಯಾರೋ ಬರೆದದ್ದನ್ನು ನಕಲು ಮಾಡುತ್ತವೆಯೋ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಯಂತ್ರ ಹೊಸದು, ವ್ಯಾಜ್ಯ ಮಾತ್ರ ಐನೂರು ವರ್ಷ ಹಳೆಯದು.

ಜರ್ಮನಿಯ ನ್ಯೂರೆಂಬರ್ಗ್ ನಗರದ ಆಲ್ಬ್ರೆಕ್ಟ್ ಡ್ಯೂರರ್ (1471-1528) ಮರದಚ್ಚಿನ ಚಿತ್ರಗಳನ್ನು ಮುದ್ರಿಸಿ ಮಾರುತ್ತಿದ್ದ. ಏಸುವಿನ ತಾಯಿ ಮೇರಿಯ ಜೀವನವನ್ನು ಕುರಿತ ಅವನ ಚಿತ್ರಮಾಲೆಯಿಂದ 17 ಚಿತ್ರಗಳನ್ನು ಇಟಲಿಯ ಮಾರ್ಕಂತೋನಿಯೋ ರೈಮೊಂಡಿ ತಾಮ್ರದ ತಗಡಿನ ಮೇಲೆ ಹಾಗೆಯೇ ಕೆತ್ತಿಬಿಟ್ಟ. ಡ್ಯೂರರನ ಹೆಸರಿನ ಮುದ್ರೆಯನ್ನೂ ಬಿಡಲಿಲ್ಲ! ಡ್ಯೂರರ್ ವೆನಿಸಿನ ಸರ್ಕಾರಕ್ಕೆ ದೂರಿತ್ತನೆಂದೂ, ಆ ಮುದ್ರೆಯನ್ನು ಬಳಸಕೂಡದೆಂಬ ಆಜ್ಞೆ ಮಾತ್ರ ದೊರೆಯಿತೆಂದೂ ವಸಾರಿ ತನ್ನ ಕಲಾವಿದರ ಚರಿತ್ರೆಯಲ್ಲಿ ಬರೆದಿದ್ದಾನೆ. 1512ರಲ್ಲಿ ನ್ಯೂರೆಂಬರ್ಗಿನ ನಗರಸಭೆ ಕೊಟ್ಟ ತೀರ್ಪೂ ಇಂಥದೇ: ನಕಲು ಚಿತ್ರಗಳ ಮೇಲಿನ ಸುಳ್ಳು ಮುದ್ರೆಯನ್ನು ತೆಗೆಯಬೇಕು, ಇಲ್ಲವಾದರೆ ಜಪ್ತಿ. ಅಂದರೆ ಅಂದಿನ ನ್ಯಾಯ ಕಾಪಾಡಿದ್ದು ಕಲಾವಿದನ ಸಹಿಯನ್ನು, ಚಿತ್ರವನ್ನಲ್ಲ.

ಚಿತ್ರಕ್ಕೂ ರಕ್ಷಣೆ ಬೇಕೆಂದು ಹೋರಾಡಿದವನು ಲಂಡನ್ನಿನ ವಿಲಿಯಂ ಹೊಗಾರ್ತ್. ಹಳ್ಳಿಯಿಂದ ಲಂಡನ್ನಿಗೆ ಬಂದು ಹಾಳಾದ ಹುಡುಗಿಯೊಬ್ಬಳ ಕಥೆಯನ್ನು ಅವನು 1732ರಲ್ಲಿ ಆರು ಚಿತ್ರಗಳಲ್ಲಿ ಅಚ್ಚು ಹಾಕಿಸಿದ. ಕೆಲವೇ ದಿನಗಳಲ್ಲಿ ಕಳ್ಳ ನಕಲುಗಳು ಅಗ್ಗದ ಬೆಲೆಗೆ ಬಂದವು. ಹೊಗಾರ್ತ್ ಸಂಗಡಿಗರೊಡನೆ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ. 1735ರಲ್ಲಿ ಕೆತ್ತನೆಯ ಚಿತ್ರಗಳಿಗೆ 14 ವರ್ಷಗಳ ಹಕ್ಕು ನೀಡುವ ಕಾಯಿದೆಯಾಯಿತು. ಅದು ಜಾರಿಗೆ ಬರುವವರೆಗೂ ತನ್ನ ಮುಂದಿನ ಚಿತ್ರಮಾಲೆಯನ್ನು ಅವನು ತಡೆಹಿಡಿದಿದ್ದ. ಆದರೂ ವ್ಯಾಪಾರಿಗಳು ಸುಮ್ಮನಿರಲಿಲ್ಲ. ನೋಡುವ ನೆಪದಲ್ಲಿ ಅವನ ಮನೆಗೆ ಆಳುಗಳನ್ನು ಕಳುಹಿಸಿ, ಕಂಡದ್ದನ್ನು ನೆನಪಿನಿಂದಲೇ ಬರೆಸಿ, ಕಾಯಿದೆಗೆ ಮೊದಲೇ ಮಾರಿದರು. ನೋಡಿ ನೆನಪಿಟ್ಟು ಬರೆದದ್ದು ಕಲಿಕೆಯೋ, ಕಳವೋ? ಇಂದಿನ ಯಂತ್ರದ ಪ್ರಶ್ನೆಯೂ ಇದೇ.

2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಯಂತ್ರವನ್ನೇ ನೋಡೋಣ. ಅಂತರ್ಜಾಲದಿಂದ ಆಯ್ದ ಕೋಟ್ಯಂತರ ಚಿತ್ರಗಳಿಂದ ಅದಕ್ಕೆ ಪಾಠವಾಯಿತು. ಚಿತ್ರವನ್ನು ಚುಕ್ಕಿಗಳ ಗೊಂದಲದಲ್ಲಿ ಮಸುಕು ಮಾಡಿ, ಆ ಮಸುಕನ್ನು ಕಳೆಯುವುದನ್ನು ಯಂತ್ರಕ್ಕೆ ಕಲಿಸುವುದೇ ಇದರ ಕ್ರಮ. ಕೊನೆಗೆ ಅದರಲ್ಲಿ ಉಳಿಯುವುದು ಚಿತ್ರಗಳಲ್ಲ, ಕಲಿಕೆಯ ಫಲವಾದ ಅಂಕಿಗಳು. ಹಾಗೆಂದು ನಕಲು ಆಗುವುದೇ ಇಲ್ಲವೆನ್ನುವಂತಿಲ್ಲ. 2023ರಲ್ಲಿ ಸಂಶೋಧಕರು, ಪಾಠದಲ್ಲಿ ಅತಿ ಹೆಚ್ಚು ಬಾರಿ ಮರುಕಳಿಸಿದ್ದ ಮೂರೂವರೆ ಲಕ್ಷ ಚಿತ್ರಗಳನ್ನು ಆರಿಸಿ ಪರೀಕ್ಷಿಸಿದಾಗ ಸುಮಾರು ನೂರು ಚಿತ್ರಗಳು ಹೆಚ್ಚುಕಡಿಮೆ ಇದ್ದ ಹಾಗೆಯೇ ಹೊರಬಂದವು. ನೂರು ಸಲ ಕೇಳಿದ ಪದ್ಯ ಬಾಯಿಪಾಠವಾದಂತೆ!

ಈ ಯಂತ್ರದ ಕಂಪನಿಯ ಮೇಲೆ ಗೆಟ್ಟಿ ಇಮೇಜಸ್ ಎಂಬ ಛಾಯಾಚಿತ್ರ ಸಂಸ್ಥೆ ಹೂಡಿದ ದಾವೆಯಲ್ಲಿ ಲಂಡನ್ನಿನ ಹೈಕೋರ್ಟು 2025ರ ನವೆಂಬರಿನಲ್ಲಿ ತೀರ್ಪಿತ್ತಿತು. ಪಾಠ ಇಂಗ್ಲೆಂಡಿನಲ್ಲೇ ನಡೆಯಿತೆಂಬುದಕ್ಕೆ ಸಾಕ್ಷ್ಯವಿಲ್ಲದ ಕಾರಣ ಆ ಆರೋಪವನ್ನು ಸಂಸ್ಥೆ ಮೊದಲೇ ಕೈಬಿಟ್ಟಿತ್ತು. ಚಿತ್ರಗಳನ್ನು ಒಳಗೆ ಇಟ್ಟುಕೊಳ್ಳದ ಯಂತ್ರ ಸ್ವತಃ ನಕಲು ಪ್ರತಿಯಲ್ಲವೆಂದು ನ್ಯಾಯಾಲಯ ಹೇಳಿತು. ಆದರೆ ಹಳೆಯ ಆವೃತ್ತಿಗಳು ಬರೆದ ಕೆಲವು ಚಿತ್ರಗಳಲ್ಲಿ ಸಂಸ್ಥೆಯ ಗುರುತು ಮೂಡಿದ್ದನ್ನು ಮಾತ್ರ ತಪ್ಪೆಂದಿತು. ಮತ್ತೆ ಡ್ಯೂರರನ ಕಥೆಯೇ! ಸಿಕ್ಕಿಬಿದ್ದದ್ದು ಮುದ್ರೆ.

ಸಹಿಯ ಕಳವು, ಚಿತ್ರದ ಕಳವು, ಶೈಲಿಯ ಅನುಕರಣೆ ಈ ಮೂರೂ ಬೇರೆ ಬೇರೆ. ಯಂತ್ರ ಬಹುಮಟ್ಟಿಗೆ ಮಾಡುವುದು ಮೂರನೆಯದನ್ನು. ಕಾನೂನು ಅದನ್ನು ಎಂದೂ ಅಪರಾಧವೆಂದು ಎಣಿಸಿಲ್ಲ. ಹಿರಿಯರ ಕೈ ನೋಡಿಯೇ ಕಿರಿಯರು ಕಲಿತದ್ದು. ಆದರೆ ಒಬ್ಬ ಶಿಷ್ಯ ಒಬ್ಬ ಗುರುವಿನಿಂದ ಹತ್ತು ವರ್ಷ ಕಲಿಯುವುದಕ್ಕೂ, ಒಂದು ಯಂತ್ರ ಲೋಕದ ಕಲಾವಿದರೆಲ್ಲರಿಂದ, ಅವರನ್ನು ಕೇಳದೆಯೇ ಕೆಲವು ತಿಂಗಳುಗಳಲ್ಲಿ ಕಲಿತು ಅವರ ಗಿರಾಕಿಗಳನ್ನೇ ಸೆಳೆಯುವುದಕ್ಕೂ ಅಂತರವಿದೆ. ಹೊಗಾರ್ತ್ ಕೇಳಿದ್ದೂ ತನ್ನ ದುಡಿಮೆಯ ಅನ್ನವನ್ನೇ. ಅಂದು ಕಾಯಿದೆ ತಾನಾಗಿ ಬರಲಿಲ್ಲ. ಕಲಾವಿದರು ಒಟ್ಟಾಗಿ ಕೇಳಿದ ಮೇಲೆ ಬಂತು.