ಮರಳ ರಾಶಿಯಿಂದ ಕ್ರೀಡಾಂಗಣದ ಲೆಕ್ಕಪುಸ್ತಕದವರೆಗೆ

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ‘ರಿಕ್ರಿಯೇಶನ್ ಮತ್ತು ಸ್ಪೋರ್ಟ್ ಮ್ಯಾನೇಜ್‌ಮೆಂಟ್’ ಎಂಬ ಒಂದೇ ಹೆಸರಿನಡಿ ಇಂದು ಕಲಿಸಲಾಗುವ ವಿಷಯವು ವಾಸ್ತವದಲ್ಲಿ ಒಂದಲ್ಲ, ಎರಡು. ಅವು ಹುಟ್ಟಿದ ಸಂದರ್ಭಗಳೂ ಬೇರೆ, ಅವುಗಳನ್ನು ಸಾಕಿದ ಕೈಗಳೂ ಬೇರೆ. ರಿಕ್ರಿಯೇಶನ್ ಎಂದರೆ ದುಡಿಮೆ ಮುಗಿದ ಮೇಲಿನ ಬಿಡುವನ್ನು ದೇಹಕ್ಕೂ ಮನಸ್ಸಿಗೂ ಹಿತವಾಗುವಂತೆ ಕಳೆಯುವುದು. ಅದಕ್ಕೆ ಬೇಕಾದ ಉದ್ಯಾನ, ಆಟದ ಬಯಲು, ಈಜುಕೊಳಗಳನ್ನು ಒದಗಿಸಿ ನೋಡಿಕೊಳ್ಳುವ ಕೆಲಸವು ದಾನಿಗಳ ಹಾಗೂ ನಗರಸಭೆಗಳ ಆಶ್ರಯದಲ್ಲಿ ಬೆಳೆಯಿತು. ಕ್ರೀಡಾ ನಿರ್ವಹಣೆಯಾದರೋ ಪಂದ್ಯ ಏರ್ಪಡಿಸಿ, ಟಿಕೆಟ್ ಮಾರಿ, ಕ್ರೀಡಾಂಗಣ ನಡೆಸಿ, ಪ್ರಸಾರದ ಹಕ್ಕುಗಳಿಗೆ ಬೆಲೆ ಕುದುರಿಸುವ ವೃತ್ತಿಯಾಗಿ ತಂಡಗಳ ಮಾಲೀಕರ ಅಗತ್ಯದಿಂದ ರೂಪುಗೊಂಡಿತು.

ಈ ಭೇದವನ್ನು ಹೆಸರಿಸಲು ಕನ್ನಡ ನಾಡಿನಲ್ಲಿ ಹಳೆಯ ಜೋಡಿಪದವೊಂದು ಇದ್ದೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ಭಾಗಗಳಲ್ಲಿ ಒಂದು ವಿನೋದ ವಿಂಶತಿ, ಮತ್ತೊಂದು ಕ್ರೀಡಾ ವಿಂಶತಿ, ವಿಂಶತಿ ಎಂದರೆ ಇಪ್ಪತ್ತರ ಗುಂಪು. ಆದರೆ ಅಲ್ಲಿನ ವಿಂಗಡಣೆ ಇಂದಿನ ರೂಢಿಗೆ ತಲೆಕೆಳಗು: ಮಲ್ಲಯುದ್ಧ, ಕೋಳಿಕಾಳಗ, ಟಗರುಕಾಳಗಗಳಂತಹ, ದೊರೆ ಕುಳಿತು ನೋಡುವ ಸ್ಪರ್ಧೆಗಳು ವಿನೋದಗಳಲ್ಲಿ ಸೇರಿದರೆ, ನೀರಾಟ, ಉಯ್ಯಾಲೆ, ಮರಳಿನ ಮೇಲಿನ ಆಟಗಳಂತಹ, ತಾನೇ ಇಳಿದು ಆಡುವ ಸಂಗತಿಗಳು ಕ್ರೀಡೆ ಎನಿಸಿಕೊಳ್ಳುತ್ತವೆ. ನೋಡುವವನಿಗೂ ಆಡುವವನಿಗೂ ನಡುವೆ ಎಳೆದ ಈ ಗೆರೆಯೇ ಎಂಟು ಶತಮಾನಗಳ ನಂತರ ಅಮೆರಿಕದ ಕಾಲೇಜುಗಳಲ್ಲಿಯೂ ಎರಡು ವಿದ್ಯೆಗಳನ್ನು ಬೇರ್ಪಡಿಸಿತು.

ಕಾಕತಾಳೀಯವೆಂಬಂತೆ ಅಮೆರಿಕದ ಕಥೆಯೂ ಮರಳಿನಿಂದಲೇ ಆರಂಭವಾಗುತ್ತದೆ. ಬರ್ಲಿನ್ನಿನ ಉದ್ಯಾನಗಳಲ್ಲಿ ಬಡ ಮಕ್ಕಳಿಗೆಂದು ಮರಳ ರಾಶಿ ಸುರಿದಿದ್ದುದನ್ನು ಕಂಡ ವೈದ್ಯೆ ಮರಿ ಜಾಕ್ಷೆವ್ಸ್ಕಾ ಆ ವಿಷಯವನ್ನು ಬಾಸ್ಟನ್ನಿಗೆ ಬರೆದು ತಿಳಿಸಿದ ಮೇಲೆ, 1885ರಲ್ಲಿ ಅಲ್ಲಿನ ಒಂದು ಆರೋಗ್ಯಸೇವಾ ಸಂಘವು ವಲಸಿಗರು ಕಿಕ್ಕಿರಿದಿದ್ದ ಬಡಾವಣೆಯಲ್ಲಿ, ಪಾರ್ಮೆಂಟರ್ ಬೀದಿಯ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಮರಳು ಸುರಿಸಿತು. ಮೊದಮೊದಲು ನೆರೆಯ ತಾಯಂದಿರೂ ಸ್ವಯಂಸೇವಕಿಯರೂ ಮಕ್ಕಳ ಮೇಲೆ ಕಣ್ಣಿಟ್ಟಿದ್ದರು. ಬಳಿಕ ಸಂಬಳದ ಮೇಲ್ವಿಚಾರಕಿಯರು ಬಂದರು. ಅನಂತರ ಶಿಶುವಿಹಾರದ ತರಬೇತಿ ಪಡೆದ ಶಿಕ್ಷಕಿಯರನ್ನು ನೇಮಿಸಲಾಯಿತು. ಒಂದು ವೃತ್ತಿ ಹುಟ್ಟಿದ ಕ್ರಮವನ್ನು ಈ ಮೂರು ಮೆಟ್ಟಿಲುಗಳಲ್ಲಿಯೇ ಕಾಣಬಹುದು, ಏಕೆಂದರೆ ಬಯಲಿಗೆ ಒಮ್ಮೆ ದುಡ್ಡು ಹಾಕಿದರೆ ಸಾಕಾದರೂ ಅದನ್ನು ನೋಡಿಕೊಳ್ಳುವವರಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು, ಸಂಬಳ ಕೊಡುವವರು ಅರ್ಹತೆಯನ್ನು ಕೇಳಿಯೇ ಕೇಳುತ್ತಾರೆ.

1906ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಸ್ಥಾಪನೆಯಾದ ಪ್ಲೇಗ್ರೌಂಡ್ ಅಸೋಸಿಯೇಶನ್ ಆಫ್ ಅಮೆರಿಕ ಎಂಬ ಸಂಸ್ಥೆಯು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಲೂಥರ್ ಗುಲಿಕ್ ಅದರ ಮೊದಲ ಅಧ್ಯಕ್ಷ. ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಗೌರವಾಧ್ಯಕ್ಷ. ಷಿಕಾಗೊದ ಬಡವರ ನಡುವೆ ಹಲ್ ಹೌಸ್ ನಡೆಸುತ್ತಿದ್ದ ಜೇನ್ ಆಡಮ್ಸ್ ಸಹ ಅದರ ಮುಂದಾಳುಗಳಲ್ಲಿ ಒಬ್ಬರು. ಕಾವಲಿಲ್ಲದ ಬಯಲು ಬಲಿಷ್ಠ ಹುಡುಗರ ಪಾಲಾಗುತ್ತದೆ, ಚಿಕ್ಕವರೂ ಹೆಣ್ಣುಮಕ್ಕಳೂ ಅಂಚಿಗೆ ಸರಿಯುತ್ತಾರೆ ಎಂಬುದು ಈ ಸುಧಾರಕರ ವಾದವಾಗಿತ್ತು. ವಲಸಿಗರ ಮಕ್ಕಳನ್ನು ತಾವು ಬಯಸಿದ ಅಚ್ಚಿಗೆ ಎರೆಯುವ ಹಂಬಲವೂ ಆ ವಾದದೊಳಗೆ ಅಡಗಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ.

ಕ್ಲಾರ್ಕ್ ಹೆದರಿಂಗ್‌ಟನ್ನರ ನೇತೃತ್ವದ ಸಮಿತಿಯೊಂದು 1909ರಲ್ಲಿ ಸಂಸ್ಥೆಯ ಪರವಾಗಿ ಸಿದ್ಧಪಡಿಸಿದ ‘ನಾರ್ಮಲ್ ಕೋರ್ಸ್ ಇನ್ ಪ್ಲೇ’ ಎಂಬ ಪಠ್ಯಕ್ರಮವನ್ನು ಈ ವಿದ್ಯೆಯ ಮೊದಲ ಸಮಗ್ರ ನಕ್ಷೆಗಳಲ್ಲಿ ಒಂದೆನ್ನಬಹುದು. ‘ನಾರ್ಮಲ್’ ಎಂದರೆ ಇಲ್ಲಿ ಸಾಮಾನ್ಯ ಎಂದಲ್ಲ, ಶಿಕ್ಷಕರನ್ನು ತಯಾರಿಸುವುದು ಎಂದರ್ಥ. ಮೈಸೂರು, ಧಾರವಾಡಗಳ ಹಳೆಯ ನಾರ್ಮಲ್ ಸ್ಕೂಲುಗಳ ಹೆಸರಿನಲ್ಲಿ ಇರುವುದೂ ಇದೇ ಅರ್ಥ. ಮಕ್ಕಳ ಸ್ವಭಾವ, ಆರೋಗ್ಯ, ನೆರೆಹೊರೆಯ ಸಾಮಾಜಿಕ ಸ್ಥಿತಿ, ಆಟಗಳು, ಬಯಲಿನ ಆಡಳಿತ ಇವೆಲ್ಲವನ್ನೂ ಒಂದೇ ಹಂದರಕ್ಕೆ ಹಬ್ಬಿಸಿದ ಈ ನಕ್ಷೆಯಲ್ಲಿ ಲೆಕ್ಕಪತ್ರಕ್ಕಿಂತ ಮನಶ್ಶಾಸ್ತ್ರಕ್ಕೇ ಹೆಚ್ಚು ಮಣೆ ಇತ್ತು.

ಗುಲಿಕ್ ಅದಕ್ಕೂ ಮೊದಲು ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಕಾರ್ಯಕರ್ತರನ್ನು ತಯಾರಿಸುವ ಶಾಲೆಯಲ್ಲಿ ವ್ಯಾಯಾಮ ವಿಭಾಗವನ್ನು ನೋಡಿಕೊಂಡಿದ್ದರು. ಚಳಿಗಾಲದಲ್ಲಿ ಒಳಾಂಗಣದ ಕವಾಯತಿನಿಂದ ಬೇಸತ್ತಿದ್ದ ವಿದ್ಯಾರ್ಥಿಗಳಿಗೆ ಹೊಸ ಆಟವೊಂದನ್ನು ಹುಡುಕುವಂತೆ ಅವರು ಒಪ್ಪಿಸಿದ ಕೆಲಸದ ಫಲವಾಗಿಯೇ 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ಕೂರಿಸಿದ ಮೊಗಸಾಲೆಯ ಕಟಕಟೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಜಗತ್ತಿನಾದ್ಯಂತ ಆ ಆಟದ ಬಳೆ ಇಂದಿಗೂ ಅದೇ ಎತ್ತರದಲ್ಲಿದೆ. ಆ ತರಗತಿಯಲ್ಲಿದ್ದವರು ಬರಿಯ ಆಟಗಾರರಲ್ಲ, ಊರೂರಿನ ಶಾಖೆಗಳನ್ನು ನಡೆಸಲು ತರಬೇತಾಗುತ್ತಿದ್ದವರು. ಆದ್ದರಿಂದಲೇ ಆಟವೂ ಅದನ್ನು ಏರ್ಪಡಿಸುವ ಬಗೆಯೂ ಜೊತೆಜೊತೆಯಾಗಿ ಹರಡಿದವು.

ಆ ಹರವಿನ ಒಂದು ಕವಲು ದಕ್ಷಿಣ ಭಾರತವನ್ನೂ ಮುಟ್ಟಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮೇಲ್ವಿಚಾರಣೆಯನ್ನೂ ವಹಿಸಿಕೊಂಡರು. ಮಂಗಳೂರು, ಬಳ್ಳಾರಿ ಸೀಮೆಗಳು ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು. ಕನ್ನಡ ಶಾಲೆಗಳ ಡ್ರಿಲ್ ಮೇಷ್ಟ್ರು, ಸುಣ್ಣದ ಗೆರೆ ಎಳೆಸಿ, ಸೀಟಿ ಊದಿ, ಕ್ರೀಡಾಕೂಟದ ಬಹುಮಾನಗಳ ಪಟ್ಟಿಯನ್ನೂ ಬರೆದಿಡುತ್ತಿದ್ದ ಆ ಪಿ.ಟಿ. ಮಾಸ್ತರರು, ಬೋಧನೆ ಮತ್ತು ಆಡಳಿತ ಎರಡನ್ನೂ ಒಬ್ಬನ ಹೆಗಲಿಗೇರಿಸಿದ ಈ ಪರಂಪರೆಗೆ ಸಮೀಪದ ಬಂಧುಗಳು.

ಅಮೆರಿಕದಲ್ಲಿ 1926ರಲ್ಲಿ ನ್ಯೂಯಾರ್ಕಿನಲ್ಲಿ ಪದವೀಧರರಿಗಾಗಿ ರಾಷ್ಟ್ರೀಯ ರಿಕ್ರಿಯೇಶನ್ ಶಾಲೆ ತೆರೆಯಿತು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಸರ್ಕಾರದ ಉದ್ಯೋಗ ಯೋಜನೆಗಳು ಬಯಲು, ಈಜುಕೊಳಗಳನ್ನು ಕಟ್ಟಿಸಿ ಅವುಗಳಿಗೆ ಸಾವಿರಾರು ನಿರುದ್ಯೋಗಿಗಳನ್ನು ಮೇಲ್ವಿಚಾರಕರನ್ನಾಗಿ ಕಳಿಸಿದಾಗ ತರಬೇತಿಯ ಕೊರತೆ ಎದ್ದು ಕಂಡಿತು. 1937ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಕಾಲೇಜುಗಳ ಪ್ರತಿನಿಧಿಗಳು ಕಲೆತು ಪಠ್ಯಕ್ರಮದ ಕುರಿತು ಚರ್ಚಿಸಿದರು. ಯುದ್ಧದ ನಂತರ ಪದವಿ ವಿಭಾಗಗಳು ಒಂದೊಂದಾಗಿ ತಲೆಯೆತ್ತಿದವು.

ಇನ್ನೊಂದು ವಿದ್ಯೆಯ ಮೂಲವಿರುವುದು ಬ್ರೂಕ್ಲಿನ್ನಿನಲ್ಲಿ. 1913ರಲ್ಲಿ ತೆರೆದ ಎಬೆಟ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಅಂಗಣದಲ್ಲಿ ಸುಮಾರು 32,000 ಪ್ರೇಕ್ಷಕರು ಕೂರಬಹುದಾಗಿದ್ದರೆ, ಹೊರಗೆ ನಿಲ್ಲಬಹುದಾಗಿದ್ದ ಕಾರುಗಳು ಸುಮಾರು 700 ಮಾತ್ರ. ಟ್ರಾಮ್‌ನಲ್ಲಿ ಬರುತ್ತಿದ್ದ ಅಭಿಮಾನಿಗಳು ಕಾರು ಕೊಂಡು ಉಪನಗರಗಳಿಗೆ ಹೋಗಿ ನೆಲಸಿದ ಕಾಲದಲ್ಲಿ ಈ ಅಂಕಿಗಳ ಅಂತರವೇ ಡಾಡ್ಜರ್ಸ್ ತಂಡದ ಮಾಲೀಕ ವಾಲ್ಟರ್ ಓಮ್ಯಾಲಿಯ ತಲೆನೋವಾಗಿತ್ತು. ವಕೀಲರಾಗಿದ್ದ ಅವರು 1957ರಲ್ಲಿ, ತಂಡವು ಲಾಸ್ ಏಂಜಲೀಸ್‌ಗೆ ವಲಸೆ ಹೋಗಲು ನಿರ್ಧರಿಸಿದ ವರ್ಷದಲ್ಲೇ, ಮಯಾಮಿ ವಿಶ್ವವಿದ್ಯಾಲಯದ ಅಧ್ಯಾಪಕ ಜೇಮ್ಸ್ ಮೇಸನ್‌ರಿಗೆ ಪತ್ರ ಬರೆದು, ಕ್ರೀಡಾಂಗಣ, ಕುದುರೆ ಪಂದ್ಯದ ಮೈದಾನ, ಸಭಾಭವನ ಮುಂತಾದವುಗಳನ್ನು ನಡೆಸಲು ಓದಿನಿಂದಲೇ ತಯಾರಾದ ವ್ಯಕ್ತಿ ಬೇಕಾದರೆ ಹುಡುಕುವುದೆಲ್ಲಿ ಎಂದು ವಿಚಾರಿಸಿದರು. 1962ರಲ್ಲಿ ಅವರು ತೆರೆದ ಡಾಡ್ಜರ್ ಸ್ಟೇಡಿಯಂನಲ್ಲಿ 56,000 ಆಸನಗಳೂ 16,000 ಕಾರುಗಳಿಗೆ ಜಾಗವೂ ಇದ್ದವು ಎಂಬುದನ್ನು ನೆನೆದರೆ, ಆ ವ್ಯಕ್ತಿಗೆ ಆಟದ ನಿಯಮಗಳಿಗಿಂತ ಮುಂಚೆ ಏನು ತಿಳಿದಿರಬೇಕಿತ್ತು ಎಂಬುದು ಸ್ಪಷ್ಟವಾಗುತ್ತದೆ.

ಮೇಸನ್ ಮಯಾಮಿಯಲ್ಲಿ ಬರೆದ ಪಠ್ಯಕ್ರಮ ಅಲ್ಲಿ ಜಾರಿಗೆ ಬರಲಿಲ್ಲ. ಅವರು ಓಹಿಯೊ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ 1966ರಲ್ಲಿ ಅಲ್ಲಿ ಕ್ರೀಡಾ ಆಡಳಿತದ ಸ್ನಾತಕೋತ್ತರ ಪದವಿ ಆರಂಭವಾಯಿತು. 1971ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಅದೇ ಹಾದಿ ಹಿಡಿಯಿತು. ಒಂದು ಶಾಸ್ತ್ರದ ಹುಟ್ಟನ್ನು ಒಂದು ಪತ್ರಕ್ಕೆ ಕಟ್ಟಿಹಾಕುವುದು ಪಠ್ಯಪುಸ್ತಕಗಳಿಗೆ ಅನುಕೂಲವೇ ಹೊರತು ಪೂರ್ತಿ ನಿಜವಲ್ಲ, ಏಕೆಂದರೆ ದೈಹಿಕ ಶಿಕ್ಷಣದ ಕಾಲೇಜುಗಳಲ್ಲಿ ಆಡಳಿತದ ಪಾಠ ಮೊದಲಿನಿಂದಲೂ ಇತ್ತು. ತಂಡಗಳು ಒಟ್ಟಾಗಿ ಟೆಲಿವಿಷನ್ ಹಕ್ಕುಗಳನ್ನು ಮಾರಲು 1961ರ ಕಾಯ್ದೆ ಅವಕಾಶ ಕೊಟ್ಟ ಮೇಲೆ ಆಟಕ್ಕೆ ಹರಿದುಬಂದ ಹಣವೂ ಇಂತಹವರನ್ನು ಬೇಡುತ್ತಿತ್ತು. 1970ರ ದಶಕದಲ್ಲಿ ಶಾಲಾ ಶಿಕ್ಷಕರ ಹುದ್ದೆಗಳು ಕಡಿಮೆಯಾದಾಗ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳಲು ದೈಹಿಕ ಶಿಕ್ಷಣ ವಿಭಾಗಗಳೇ ಈ ಹೊಸ ಪದವಿಯತ್ತ ಹೊರಳಿದವು. 1985ರಲ್ಲಿ ಈ ವಿಷಯದ ಅಧ್ಯಾಪಕರ ಉತ್ತರ ಅಮೆರಿಕ ಮಟ್ಟದ ಸಂಘ ರಚನೆಯಾಯಿತು, 1987ರಲ್ಲಿ ಅದರ ಸಂಶೋಧನಾ ಪತ್ರಿಕೆ ಹೊರಬಂತು.

ಎರಡು ವಿದ್ಯೆಗಳು ಒಂದೇ ಸೂರಿನಡಿ ಬಂದದ್ದರ ಹಿಂದೆ ತತ್ತ್ವಕ್ಕಿಂತ ತೆರಿಗೆಯ ಪಾತ್ರ ದೊಡ್ಡದು. 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದ್ದರಿಂದ ಆ ಮೂಲದ ಆದಾಯ ಅರ್ಧಕ್ಕೂ ಕೆಳಗಿಳಿಯಿತು, ಇತರ ರಾಜ್ಯಗಳೂ ಅದೇ ಗಾಳಿಗೆ ಸಿಕ್ಕಿದವು; ಉದ್ಯಾನ ಇಲಾಖೆಗಳು ನೇಮಕಾತಿ ನಿಲ್ಲಿಸಿ, ಉಚಿತವಾಗಿದ್ದ ಸೇವೆಗಳಿಗೆ ಶುಲ್ಕ ವಿಧಿಸಲಾರಂಭಿಸಿದವು. ಶುಲ್ಕ ಎತ್ತುವ ಬಯಲಿಗೂ ಟಿಕೆಟ್ ಮಾರುವ ಅಂಗಣಕ್ಕೂ ಬೇಕಾದ ಲೆಕ್ಕಾಚಾರ ಒಂದೇ ಆದುದರಿಂದ, ಕೆಲಸ ಸಿಗದ ಹಳೆಯ ವಿಭಾಗಗಳು ಕ್ರೀಡೆ, ಪ್ರವಾಸೋದ್ಯಮಗಳ ಹೆಸರನ್ನು ತಮ್ಮ ಫಲಕಕ್ಕೆ ಸೇರಿಸಿಕೊಂಡವು. ಮರಳ ರಾಶಿಯ ಪಕ್ಕ ನಿಂತಿದ್ದ ಶಿಕ್ಷಕಿಯ ವಿದ್ಯೆ ಈ ಫಲಕದಲ್ಲಿ ಮೊದಲ ಪದವಾಗಿ ಉಳಿದಿದ್ದರೂ, ವಿದ್ಯಾರ್ಥಿಗಳನ್ನು ಸೆಳೆಯುವುದು ಎರಡನೆಯ ಪದ.

ಭಾರತದಲ್ಲಿ ಈ ಜೋಡಿ ಕೂಡಲೇ ಇಲ್ಲ. ಇಲ್ಲಿ ಪದವಿಗಳು ಬಹುಕಾಲ ದೈಹಿಕ ಶಿಕ್ಷಣದ ಹೆಸರಿನಲ್ಲೇ ನಡೆದವು, 2008ರಲ್ಲಿ ಐ.ಪಿ.ಎಲ್. ಆರಂಭವಾದ ನಂತರ ಹೆಚ್ಚಿದ ಕ್ರೀಡಾ ನಿರ್ವಹಣೆಯ ಕೋರ್ಸುಗಳು ನೇರವಾಗಿ ಟಿಕೆಟ್, ಪ್ರಾಯೋಜಕತ್ವ, ಪ್ರಸಾರಗಳತ್ತಲೇ ಕಣ್ಣಿಟ್ಟವು. ಉದ್ಯಾನಗಳ ಪಾಲನೆಯನ್ನು ಅವುಗಳೊಂದಿಗೆ ಸೇರಿಸಿ ಕಲಿಸುವ ಯೋಚನೆ ಬೇರೂರಲಿಲ್ಲ. ಬೆಂಗಳೂರಿನಲ್ಲಿ ಕಬ್ಬನ್ ಉದ್ಯಾನವು ತೋಟಗಾರಿಕೆ ಇಲಾಖೆಯದು. ರಸ್ತೆ ದಾಟಿದರೆ ಸಿಗುವ ಕಂಠೀರವ ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಅದೇ ಉದ್ಯಾನದ ಮತ್ತೊಂದು ಮಗ್ಗುಲಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ನಡೆಸುವುದು ರಾಜ್ಯ ಕ್ರಿಕೆಟ್ ಸಂಸ್ಥೆ.