ಲೆಕ್ಕ ಕೇಳುವ ಹಕ್ಕು

ನಾನು ಮುಡಬಿಯ ಇದೇ ಶಾಲೆಯಲ್ಲಿ ಕಲಿತವನು. ಬಜೆಟ್ ಎಂದರೆ ಆದಾಯ-ವೆಚ್ಚದ ಪಟ್ಟಿ ಎಂದು ಬಾಯಿಪಾಠ ಮಾಡಿದ್ದೆವು. ಆ ಪಟ್ಟಿಯನ್ನು ಪ್ರಶ್ನಿಸುವ ಹಕ್ಕು ನಮ್ಮ ಭಾಗಕ್ಕೆ ಎಷ್ಟು ತಡವಾಗಿ ಬಂತೆಂಬುದು ಇತಿಹಾಸ ಓದಿದ ಮೇಲೆ ತಿಳಿಯಿತು.

ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ನಮ್ಮ ಹಿರಿಯರು ಆಗ ನಿಜಾಮರ ಪ್ರಜೆಗಳು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. ವಯಸ್ಕರೆಲ್ಲರ ಮತದಿಂದ ಆರಿಸಿದ ವಿಧಾನಸಭೆ ಬಂದದ್ದು 1952ರಲ್ಲಿ. ತಲೆಮಾರುಗಳಿಂದ ಕಂದಾಯ ಕಟ್ಟಿದವರ ಪರವಾಗಿ ಖರ್ಚಿನ ಲೆಕ್ಕ ಕೇಳುವವರು ಆಗ ಸಿಕ್ಕರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು.

ಸಂವಿಧಾನದ 203ನೇ ವಿಧಿಯಂತೆ ಇಲಾಖೆಗಳ ಬೇಡಿಕೆಯನ್ನು ವಿಧಾನಸಭೆ ಒಪ್ಪಬಹುದು, ತಿರಸ್ಕರಿಸಬಹುದು, ಕಡಿತ ಮಾಡಬಹುದು, ಹೆಚ್ಚಿಸುವಂತಿಲ್ಲ. ಊರಿನ ರಸ್ತೆಗೆ ಇಲಾಖೆಯ ಬೇಡಿಕೆಯಲ್ಲಿ ಹೆಚ್ಚು ಹಣ ಬೇಕೆಂದರೆ ಶಾಸಕರು ಸದನದಲ್ಲಿ ಮಾತಿನ ಮೂಲಕ ಒತ್ತಾಯಿಸಬೇಕು.

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 4.09 ಲಕ್ಷ ಕೋಟಿ ರೂಪಾಯಿಯ ಬಜೆಟ್ ಮಂಡಿಸಿದರು. 21ರಂದು ಸದನದಲ್ಲಿ ಗದ್ದಲವೆದ್ದು ಸಭಾಧ್ಯಕ್ಷರ ಪೀಠದತ್ತ ಕಾಗದದ ಚೂರುಗಳು ಹಾರಿದವು. ಸಭಾಧ್ಯಕ್ಷ ಯು.ಟಿ. ಖಾದರ್ ಅವರು ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಬಸವಕಲ್ಯಾಣದ ಶರಣು ಸಲಗರ, ಬೀದರ್ ದಕ್ಷಿಣದ ಶೈಲೇಂದ್ರ ಬೆಲ್ದಾಳೆ ಇಬ್ಬರೂ ಆ ಪಟ್ಟಿಯಲ್ಲಿದ್ದರು. ಪೀಠಕ್ಕೆ ಕಾಗದ ಎಸೆದರೆ ಯಾವ ಮಾಸ್ತರರೂ ಒಪ್ಪಲಾರರು, ಅದು ಬೇರೆ ಮಾತು. ಆದರೆ ಅಮಾನತಾದವರು ಸಮಿತಿ ಸಭೆಗೂ ಹೋಗುವಂತಿಲ್ಲ, ಅವರು ಕೊಟ್ಟ ಸೂಚನೆಯನ್ನೂ ಸ್ವೀಕರಿಸುವಂತಿಲ್ಲ ಎಂದಾಗ ಶಿಕ್ಷೆ ಶಾಸಕರಿಗಿಂತ ಮತದಾರರಿಗೇ ಹೆಚ್ಚು ತಟ್ಟುತ್ತದೆ ಎಂದು ನನ್ನ ಅಭಿಪ್ರಾಯ. ಮೇ 25ರಂದು ಅಮಾನತು ಹಿಂತೆಗೆದರು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.